ವಾಡೆಯ ಕಂಬ, ವಾಡೆಯ ಗೋಡೆ

ವಾಸ್ತುಶಿಲ್ಪವೆಂದೊಡನೆ ನಮ್ಮ ಮನಸ್ಸು ದೇವಾಲಯದ ಕಡೆಗೆ ಹರಿಯುತ್ತದೆ. ಬೇಲೂರು, ಹಳೇಬೀಡು, ಪಟ್ಟದಕಲ್ಲುಗಳನ್ನು ಕುರಿತು ಕನ್ನಡದಲ್ಲಿ ಬೇಕಾದಷ್ಟು ಬರವಣಿಗೆಯಿದೆ. ಮನುಷ್ಯರು ಹುಟ್ಟಿ, ಉಂಡು, ಜಗಳವಾಡಿ, ಸತ್ತ ಮನೆಗಳನ್ನು ಕುರಿತದ್ದು ತೀರ ಅಲ್ಪ. ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಹಳ್ಳಿಗಳಲ್ಲಿ ಅಲ್ಲಲ್ಲಿ ಉಳಿದಿರುವ ಗೌಡರ, ದೇಸಾಯರ, ದೇಶಮುಖರ, ಕುಲಕರ್ಣಿಯರ ವಾಡೆಗಳನ್ನು ಕಂಡವರಿಗೆ ಈ ಉದಾಸೀನ ಸರಿಯೆಂದು ತೋರಲಾರದು. ವಾಡೆಯೂ ಒಂದು ಕೃತಿಯೇ. ಕಾವ್ಯಕ್ಕೆ ಕೇಳುವ ಪ್ರಶ್ನೆಗಳನ್ನೇ ಅದಕ್ಕೂ ಕೇಳಬಹುದು: ಅದರ ಬಂಧ ಹೇಗಿದೆ, ಔಚಿತ್ಯವೇನು, ಅದು ಬಾಯಿಬಿಟ್ಟು ಹೇಳದೆ ಧ್ವನಿಸುವುದೇನು?

ಹೊರಗಿನಿಂದ ನೋಡಿದರೆ ವಾಡೆ ಮಾತನಾಡುವುದಿಲ್ಲ. ಎತ್ತರವಾದ ಕಲ್ಲಿನ ಗೋಡೆ, ಅದರಲ್ಲಿ ಕಿಟಕಿ ಎಂಬುದು ಹೆಚ್ಚುಕಡಿಮೆ ಇಲ್ಲ. ಆನೆಗೂ ಸಾಲುವಂಥ ಬಾಗಿಲು, ಅದರ ಹೊಟ್ಟೆಯಲ್ಲಿ ತಲೆ ತಗ್ಗಿಸಿಯೇ ನುಗ್ಗಬೇಕಾದ ದಿಡ್ಡಿ. ದೇವಡಿಯನ್ನು ದಾಟಿ ಅಂಗಳಕ್ಕೆ ಕಾಲಿಟ್ಟೊಡನೆ ಮಾತು ಬದಲಾಗುತ್ತದೆ. ಅಂಗಳದ ಸುತ್ತ ಮರದ ಕಂಬಗಳ ಸಾಲು; ಒಂದೆರಡು ಮೆಟ್ಟಿಲಿನಷ್ಟು ಎತ್ತರದಲ್ಲಿ ಪಡಸಾಲೆ; ಅದರಾಚೆ ನಡುಮನೆ, ದೇವರಕೋಣೆ, ಅಡಿಗೆಮನೆ; ಮೇಲೆ ಮಾಳಿಗೆಯ ಬೆಳಕಿಂಡಿಯಿಂದ ಕೋಲಿನಂತೆ ಇಳಿಯುವ ಬಿಸಿಲು. ಹೊರಗೆ ಕಲ್ಲು, ಒಳಗೆ ಮರ: ವಾಡೆಯ ರಚನೆಯ ರಹಸ್ಯ ಈ ಎರಡು ಮಾತಿನಲ್ಲಿದೆ.

ಎರಡರಿಂದ ನಾಲ್ಕು ಅಡಿ ದಪ್ಪದ ಗೋಡೆಯನ್ನು ಕಂಡವರು, ಮಾಳಿಗೆಯ ಭಾರವನ್ನು ಅದೇ ಹೊತ್ತಿದೆಯೆಂದು ಭಾವಿಸುವುದು ಸಹಜ. ನಿಜವಾಗಿ ಅದನ್ನು ಹೊತ್ತಿರುವುದು ಕಂಬ. ಕಂಬದ ತಲೆಯ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಗೆ ಅಡ್ಡಲಾಗಿ ಜಂತೆ, ಜಂತೆಯ ಮೇಲೆ ಹಲಗೆ, ಎಲ್ಲಕ್ಕೂ ಮೇಲೆ ಒಂದರಿಂದ ಎರಡು ಅಡಿ ದಪ್ಪದ ಮಣ್ಣಿನ ಮೇಲ್ಮುದ್ದೆ. ಗೋಡೆಯ ಒಡಲಿನಲ್ಲಿಯೂ ಕಂಬಗಳನ್ನು ಹುದುಗಿಸುವ ಪದ್ಧತಿಯುಂಟು. ನಾಲ್ಕು ಕಂಬಗಳ ನಡುವಣ ಜಾಗವೇ ಅಂಕಣ. ಮನೆಯನ್ನು ಅಳೆಯುವುದು ಅಡಿಗಳಿಂದಲ್ಲ, ಅಂಕಣಗಳಿಂದ. ತೊಲೆಯ ಉದ್ದ ಎಷ್ಟೋ ಅಂಕಣದ ಅಗಲ ಅಷ್ಟು. ಅಂದರೆ ಮರವೇ ಇಲ್ಲಿ ಛಂದಸ್ಸು. ಪತ್ರಿಕೆಯ ಪುಟದ ಪಟ್ಟಿಯನ್ನೂ ನಾವು ಅಂಕಣವೆಂದೇ ಕರೆಯುತ್ತೇವೆ. ಆ ಮಾತಿನ ಹಿಂದೆ ಬಡಿಗನ ಲೆಕ್ಕವಿದೆಯೆಂಬುದನ್ನು ಮರೆತಿದ್ದೇವೆ. ಚಿಂಚೋಳಿಯ ಕಡೆಯ ಕಾಡನ್ನು ಬಿಟ್ಟರೆ ಈ ಜಿಲ್ಲೆಯಲ್ಲಿ ಹೇಳಿಕೊಳ್ಳುವಂಥ ಅರಣ್ಯವಿಲ್ಲ. ಎರೆಭೂಮಿಯ ಬಯಲಿನಲ್ಲಿ ಬೇವು ಜಾಲಿಗಳು ಸಿಕ್ಕಾವು, ಸಾಗವಾನಿಯ ದಿಮ್ಮಿ ಸಿಕ್ಕದು. ಇಂಥಲ್ಲಿ ಸಾಗವಾನಿ ಕಂಬಗಳ ಸಾಲನ್ನು ನಿಲ್ಲಿಸುವುದೆಂದರೆ ಸಿರಿಯ ಪ್ರದರ್ಶನವೇ. ಆದರೆ ಆ ಪ್ರದರ್ಶನ ಬೀದಿಗಲ್ಲ, ಒಳಗೆ ಬರಲು ಅಪ್ಪಣೆ ಪಡೆದವರಿಗೆ ಮಾತ್ರ.

ಇಂಗ್ಲೆಂಡಿನ ಚೆಷೈರ್ ಪ್ರಾಂತದ ಲಿಟಲ್ ಮೋರ್ಟನ್ ಹಾಲ್ ಎಂಬ ಜಮೀನುದಾರರ ಮನೆಯನ್ನು ಇದರೊಡನೆ ಹೋಲಿಸಿದರೆ ಮಾತು ಸ್ಪಷ್ಟವಾಗುತ್ತದೆ. ಹದಿನಾರನೆಯ ಶತಮಾನದ ಆದಿಯಲ್ಲಿ ಆರಂಭವಾಗಿ, ಸುಮಾರು ನೂರು ವರ್ಷ ತುಂಡುತುಂಡಾಗಿ ಬೆಳೆದ ಮನೆ ಅದು. ಅಲ್ಲಿಯೂ ಅಂಗಳವಿದೆ, ಭಾರ ಹೊರುವುದು ಅಲ್ಲಿಯೂ ಮರವೇ. ಆದರೆ ಅದು ತನ್ನ ಎಲುಬುಗಳನ್ನು ಮೈಮೇಲೆಯೇ ಧರಿಸಿದೆ. ಬಿಳಿಯ ಗೋಡೆಯ ಮೇಲೆ ಕಪ್ಪು ಮರದ ಚಿತ್ತಾರ ದೂರದಿಂದಲೇ ಕಾಣುತ್ತದೆ. ಅಲ್ಲಿನ ಬಡಿಗ ಕಂಬ ತೊಲೆಗಳ ನಡುವೆ ಓರೆಯಾಗಿ ಆಸರೆಯ ಮರಗಳನ್ನು ಕೊಟ್ಟು ಚೌಕಟ್ಟು ವಾಲದಂತೆ ಬಿಗಿದ. ನಮ್ಮವನು ಓರೆಮರವಿಲ್ಲದೆ ಮಾಳಿಗೆಯ ಭಾರವನ್ನೇ ನೆಚ್ಚಿದ. ಹಾಗೆಂದು ಅವರದು ನಿರ್ದೋಷವಲ್ಲ. ಆಮೇಲೆ ತುದಿಯಲ್ಲಿ ಹೇರಿದ ಉದ್ದನೆಯ ಮೊಗಸಾಲೆಯ, ಅದರ ಕಲ್ಲುಚಪ್ಪಡಿ ಛಾವಣಿಯ ಭಾರಕ್ಕೆ ಮನೆ ಸೊಟ್ಟಗಾಯಿತು. ಆ ಸೊಟ್ಟೇ ಇಂದು ಅದರ ಕೀರ್ತಿ. ಇನ್ನೊಂದು ಸಂಗತಿ ಮನಸ್ಸಿಗೆ ನಾಟುತ್ತದೆ. ಅಲ್ಲಿನ ಕಿಟಕಿಗಳ ಮೇಲೆ ಒಡೆಯನ ಹೆಸರಿನೊಡನೆ ರಿಚರ್ಡ್ ಡೇಲ್ ಎಂಬ ಬಡಿಗನ ಹೆಸರನ್ನೂ 1559ರ ಇಸವಿಯನ್ನೂ ಕೊರೆಯಲಾಗಿದೆ. ಹೆಸರು ಕೊರೆಯುವುದು ನಮಗೆ ತಿಳಿಯದ ಪದ್ಧತಿಯೇನಲ್ಲ. ಹೊಯ್ಸಳರ ಕಾಲದ ದಾಸೋಜ, ಮಲ್ಲಿತಮ್ಮರು ತಮ್ಮ ಶಿಲ್ಪದ ಅಡಿಯಲ್ಲಿ ಹೆಸರು ಬಿಟ್ಟುಹೋಗಿದ್ದಾರೆ. ಆದರೆ ನಾನು ನೋಡಿದ ಯಾವ ವಾಡೆಯಲ್ಲಿಯೂ ಬಡಿಗನ ಹೆಸರಿಲ್ಲ. ಸುಗ್ಗಿಯಲ್ಲಿ ಆಯದ ಜೋಳ ಅಳೆದುಕೊಟ್ಟರೆ ಅವನ ಋಣ ತೀರಿತೆಂದು ಒಡೆಯರು ಎಣಿಸಿರಬೇಕು.

ವಾಡೆಯ ಗುಣವಿರುವುದು ಔಚಿತ್ಯದಲ್ಲಿ. ವೈಶಾಖದಲ್ಲಿ ನಲವತ್ತೆರಡು ಡಿಗ್ರಿಯನ್ನು ಮೀರಿ ಸುಡುವ ಸೀಮೆಯಿದು. ದಪ್ಪ ಗೋಡೆಯೂ ಮಣ್ಣಿನ ಮಾಳಿಗೆಯೂ ಹಗಲಿನ ಉರಿಯನ್ನು ಒಳಗೆ ಬಿಡದೆ ತಡೆಯುತ್ತವೆ. ಬೇಸಗೆಯ ರಾತ್ರಿ ಮಲಗಲು ಮಾಳಿಗೆಯುಂಟು. ಬರಗಾಲಕ್ಕೆಂದು ಜೋಳ ತುಂಬಿಡಲು ನೆಲದಡಿಯ ಹಗೇವು ಉಂಟು. ಭೀಮೆಯ ಕಡೆಗೆ ಸರಿದಂತೆ ನೆಲಕ್ಕೆ ಹಾಸಿದ ಶಹಾಬಾದಿ ಫರಸಿ ಕಾಲಿಗೆ ತಂಪು.

ಧ್ವನಿಯ ಮಾತು ಬೇರೆ. ದಿಡ್ಡಿಯಿಂದ ದೇವರಕೋಣೆಯವರೆಗೆ ಒಂದೊಂದು ಹೊಸ್ತಿಲೂ ಒಂದೊಂದು ಪ್ರಶ್ನೆ: ನೀನು ಯಾರು? ಕೆಲವರು ಅಂಗಳದಲ್ಲಿಯೇ ನಿಂತರು. ಕೆಲವರು ಪಡಸಾಲೆಯ ಕಂಬಕ್ಕೆ ಒರಗಿದರು. ದಲಿತ ಜೀತದಾಳು ದೇವಡಿಯ ಹೊರಗೇ ಕೈಕಟ್ಟಿ ನಿಂತ. ಮನೆಯ ಹೆಂಗಸರಾದರೋ ಒಳಗಿನ ಅಂಕಣಗಳಲ್ಲಿ ಬಾಳು ಸವೆಸಿದರು. ಪಡಸಾಲೆಯ ಆ ಎರಡು ಮೆಟ್ಟಿಲ ಎತ್ತರ ಗಾಳಿಗಾಗಿ ಮಾತ್ರ ಕಟ್ಟಿದ್ದಲ್ಲ. 1949ರಲ್ಲಿ ಹೈದರಾಬಾದು ಸಂಸ್ಥಾನದ ಜಾಗೀರುಗಳು ರದ್ದಾದವು. 1963ರಲ್ಲಿ ವಂಶಪಾರಂಪರ್ಯದ ಗೌಡಕಿ, ಕುಲಕರ್ಣಿಕೆಗಳು ಹೋದವು. 1974ರಿಂದ ಉಳುವವನೇ ಒಡೆಯನೆಂಬ ಕಾಯಿದೆ ಬಲವಾಗಿ ಬಂತು. ಆ ಅಧಿಕಾರ ಹೋದದ್ದಕ್ಕೆ ಕಣ್ಣೀರು ಹಾಕುವ ಕಾರಣವಿಲ್ಲ.

ಕಣ್ಣೀರಿಗೆ ಬೇರೆ ಕಾರಣವುಂಟು. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ, ಆಳಂದದಿಂದ ಉತ್ತರಕ್ಕೆ ಅರವತ್ತು ಕಿಲೋಮೀಟರಿನೊಳಗಿರುವ ಕಿಲ್ಲಾರಿಯಲ್ಲಿ ಭೂಮಿ ನಡುಗಿತು. ಸಾವಿರಾರು ಜನ ತಮ್ಮ ಮನೆಗಳಡಿಯಲ್ಲಿಯೇ ಸತ್ತರು. ಎರಡು ಮೈಗಳನ್ನು ಬೆಸೆಯುವ ಉದ್ದಗಲ್ಲಿಲ್ಲದೆ, ಮಣ್ಣುಕಲ್ಲು ತುಂಬಿ ಕಟ್ಟಿದ ಗೋಡೆಗಳು ಸೀಳಿ ಬಿದ್ದವು. ಕಂಬ ತೊಲೆಗಳ ಚೌಕಟ್ಟು ಗಟ್ಟಿಯಾಗಿದ್ದ ಅನೇಕ ಮನೆಗಳಲ್ಲಿ ಮಾತ್ರ ಗೋಡೆ ಬಿದ್ದರೂ ಮಾಳಿಗೆ ಕಂಬಗಳ ಮೇಲೆಯೇ ನಿಂತಿತ್ತು. ಕೊಂದದ್ದು ಗೋಡೆ, ಕಾದದ್ದು ಬಡಿಗನ ಕೆಲಸ. ಆದರೆ ಜನ ಕಲಿತ ಪಾಠ ಬೇರೆಯಾಯಿತು: ಹಳೆಯ ಮನೆಯೆಂದರೆ ಸಾವು, ಸಿಮೆಂಟೆಂದರೆ ಬದುಕು. ಬದುಕಿಸಿದ ಮರವೂ ಕೊಂದ ಗೋಡೆಯ ಜೊತೆಗೇ ಅಪಕೀರ್ತಿಗೆ ಗುರಿಯಾಯಿತು.

ಈಗ ಆಗುತ್ತಿರುವುದು ಎಲ್ಲರಿಗೂ ಗೊತ್ತು. ಅಣ್ಣತಮ್ಮಂದಿರ ನಡುವೆ ಪಾಲಾಗುವಾಗ ಅಂಕಣದ ನಟ್ಟನಡುವೆ ಇಟ್ಟಿಗೆಗೋಡೆ ಏಳುತ್ತದೆ. ಮಾಳಿಗೆ ಒಮ್ಮೆ ಸೋರಿತೆಂದರೆ ಜಂತೆ ಕೊಳೆಯುತ್ತದೆ. ಕೊನೆಗೆ ಹಳೆಯ ಮರದ ವ್ಯಾಪಾರಿ ಬಂದು ಬೋದಿಗೆಗಳನ್ನು ಬೆಲೆ ಕಟ್ಟಿ ಒಯ್ಯುತ್ತಾನೆ. ದೂರದ ನಗರದ ಹೋಟೆಲಿನಲ್ಲಿ ಅವು ಏನನ್ನೂ ಹೊರದೆ ನಿಲ್ಲುತ್ತವೆ. ಭಾರ ಹೊರದ ಕಂಬ, ಪ್ರಾಸಕ್ಕಾಗಿ ತಂದು ಕೂಡಿಸಿದ ಪದದಂತೆ.

ಎಲ್ಲ ವಾಡೆಗಳನ್ನೂ ಉಳಿಸಿರೆಂದು ಕೇಳುವುದು ವ್ಯವಹಾರದ ಮಾತಲ್ಲ. ಅದರಲ್ಲಿ ಬಾಳುವವರ ಕಷ್ಟ ನೋಡಿ ಬೆರಗಾಗುವವರಿಗೆ ತಿಳಿಯದು. ಆದರೆ ಒಂದೊಂದು ತಾಲ್ಲೂಕಿನಲ್ಲಿ ಒಂದೆರಡನ್ನಾದರೂ ಅಳೆದು ನಕ್ಷೆ ಬರೆಯಬಹುದು. ಬೋದಿಗೆ, ಜಂತೆ, ಹಗೇವು, ಬೆಳಕಿಂಡಿ ಎಂಬ ಮಾತುಗಳನ್ನು ಬಲ್ಲ ಮುದಿ ಬಡಿಗರು ಇನ್ನೂ ಇರುವಾಗಲೇ ಅವರ ಬಾಯಿಂದ ಬರೆದುಕೊಳ್ಳಬಹುದು. ನಮ್ಮ ಕಾಲೇಜುಗಳ ಕನ್ನಡ ವಿಭಾಗಗಳಿಗೆ ಇದು ಮೀರಿದ ಕೆಲಸವಲ್ಲ. ಹಾಗೆ ಬರೆಯುವಾಗ ಮನೆತನದ ಹೆಸರಿನ ಕೆಳಗೆ, ಗೊತ್ತಿದ್ದರೆ, ಕಟ್ಟಿದ ಬಡಿಗನ ಹೆಸರನ್ನೂ ಬರೆಯೋಣ.