ಹೊರಗೆ ಹೋಗುವ ಬಾಗಿಲು ಎಲ್ಲಿದೆ ಸ್ವಾಮಿ?

ಒಂದು ಮೊಬೈಲ್ ಬ್ರಾಡ್‌ಬ್ಯಾಂಡ್ ಕಂಪನಿ ಹೇಗಿದೆ ಅಂತ ತಿಳಿಯಬೇಕಾದರೆ ಅದರ ಸ್ಪೀಡ್ ನೋಡಬೇಡಿ, ಜಾಹೀರಾತನ್ನಂತೂ ನೋಡಲೇಬೇಡಿ. ‘ನಿಮ್ಮ ಕನೆಕ್ಷನ್ ನನಗೆ ಬೇಡ’ ಅಂತ ಒಂದು ಸಲ ಹೇಳಿ ನೋಡಿ. ಆಗ ಗೊತ್ತಾಗುತ್ತೆ ಅಸಲಿ ಮುಖ.

ಮೊದಲು ಕಂಪನಿಗಳ ಪರವಾಗಿಯೇ ನಾಲ್ಕು ಮಾತು ಹೇಳಿಬಿಡ್ತೀನಿ. ವೈರ್‌ಲೆಸ್ ಇಂಟರ್ನೆಟ್ ಅನ್ನೋದು ಊರಿನ ಒಂದೇ ನಲ್ಲಿ ಇದ್ದ ಹಾಗೆ. ಒಂದು ಟವರ್‌ನ ಸಾಮರ್ಥ್ಯವನ್ನು ಅದರ ಸುತ್ತ ಇರುವವರೆಲ್ಲ ಹಂಚಿಕೊಳ್ಳಬೇಕು. ಸಂಜೆ ಏಳರ ಮೇಲೆ ಎಲ್ಲರೂ ಬಿಂದಿಗೆ ಹಿಡಿದು ನಿಂತರೆ ಧಾರೆ ಸಣ್ಣಗಾಗುವುದು ಸಹಜ. ನಮ್ಮ ಮಲೆನಾಡಿನಲ್ಲಿ ಗುಡ್ಡ ಅಡ್ಡ, ಮರ ಅಡ್ಡ. ಮಳೆಗಾಲದಲ್ಲಿ ಕರೆಂಟು ಹೋದರೆ ಬ್ಯಾಟರಿ ಇರೋವಷ್ಟು ಹೊತ್ತು ಮಾತ್ರ ಟವರ್‌ಗೆ ಜೀವ. ಹಾಗಾಗಿ ಸಿಗ್ನಲ್ ಬರಲಿಲ್ಲ ಅಂದರೆ ನಾನು ಬೈಯೋದು ಕಮ್ಮಿ. ಅದರಲ್ಲಿ ಒಂದಿಷ್ಟು ಭೌತಶಾಸ್ತ್ರ ಇದೆ, ಒಂದಿಷ್ಟು ದುಡ್ಡಿನ ಲೆಕ್ಕ ಇದೆ.

ಆದರೆ ಕನೆಕ್ಷನ್ ಮುಚ್ಚೋದರಲ್ಲಿ ಯಾವ ಭೌತಶಾಸ್ತ್ರವೂ ಇಲ್ಲ. ಡೇಟಾಬೇಸಿನಲ್ಲಿ ‘ಆ್ಯಕ್ಟಿವ್’ ಅಂತ ಇರೋದನ್ನ ‘ಕ್ಲೋಸ್ಡ್’ ಅಂತ ಮಾಡಬೇಕು, ಬಾಕಿ ಲೆಕ್ಕ ಹಾಕಬೇಕು, ಡಿಪಾಸಿಟ್ ವಾಪಸ್ ಕೊಡಬೇಕು. ಅಷ್ಟೇ. ಅದು ಕಷ್ಟವಾಗಿದ್ದರೆ, ಯಾರೋ ಕೂತು ಕಷ್ಟ ಮಾಡಿದ್ದಾರೆ ಅಂತಲೇ ಅರ್ಥ.

ನಮ್ಮ ಮನೆಯದ್ದೇ ಉದಾಹರಣೆ ತಗೊಳ್ಳಿ. ತೀರ್ಥಹಳ್ಳಿ ಕಡೆಯ ನಮ್ಮೂರಿಗೆ ಒಬ್ಬ ಹುಡುಗ ಬೈಕಿನಲ್ಲಿ ಬಂದು, ಅಂಗಳದಲ್ಲೇ ನಿಂತು, ಅಪ್ಪನ ಆಧಾರ್ ಕಾರ್ಡು, ಒಂದು ಫೋಟೋ, ಒಂದು ಓಟಿಪಿ ತಗೊಂಡು ಪೋಸ್ಟ್‌ಪೇಯ್ಡ್ ಡೇಟಾ ಕನೆಕ್ಷನ್ನೂ ಪುಟ್ಟ ಹಾಟ್‌ಸ್ಪಾಟ್ ಡಬ್ಬಿಯನ್ನೂ ಕೊಟ್ಟು ಹೋದ. ಕಾಫಿ ಕುಡಿದಿದ್ದೂ ಸೇರಿ ಇಪ್ಪತ್ತು ನಿಮಿಷ. ಹೇಳಿದ್ದು ‘40 ಎಂಬಿಪಿಎಸ್‌ವರೆಗೆ’. ನಾನು ಜಗಲಿಯ ಮೇಲೆ ಕೂತು ಅಳೆದಾಗ ಸಂಜೆ ಹೊತ್ತು ಅರ್ಧ ಎಂಬಿಪಿಎಸ್ ಕೂಡ ದಾಟುತ್ತಿರಲಿಲ್ಲ. ನಮ್ಮ ದೇಶದಲ್ಲಿ ಬ್ರಾಡ್‌ಬ್ಯಾಂಡ್ ಅನ್ನಿಸಿಕೊಳ್ಳೋಕೆ ಇರಬೇಕಾದ ಕನಿಷ್ಠ ವೇಗವನ್ನು 2023ರಲ್ಲಿ 512 ಕೆಬಿಪಿಎಸ್‌ನಿಂದ 2 ಎಂಬಿಪಿಎಸ್‌ಗೆ ಏರಿಸಿದ್ದಾರೆ. ಅಂದರೆ ನಾವು ದುಡ್ಡು ಕೊಡ್ತಾ ಇದ್ದದ್ದು ಬ್ರಾಡ್‌ಬ್ಯಾಂಡ್ ಅಲ್ಲದ ಬ್ರಾಡ್‌ಬ್ಯಾಂಡಿಗೆ. ‘ವರೆಗೆ’ ಅನ್ನೋ ಮೂರಕ್ಷರ ಇದೆಯಲ್ಲ, ಅದು ಸೊನ್ನೆಯನ್ನೂ ಹೊಟ್ಟೆಗೆ ಹಾಕ್ಕೊಳ್ಳುತ್ತೆ.

ಮೂರು ತಿಂಗಳು ನೋಡಿ, ಬೇಡ ಅಂತ ಕಸ್ಟಮರ್ ಕೇರ್‌ಗೆ ಫೋನ್ ಮಾಡಿದೆವು. ಹೊಸ ಕನೆಕ್ಷನ್ ಬೇಕಿದ್ದರೆ ಒಂದು ಒತ್ತಿ, ಬಿಲ್ ಕಟ್ಟೋಕೆ ಎರಡು ಒತ್ತಿ. ಮುಚ್ಚೋಕೆ ಯಾವುದನ್ನ ಒತ್ತಬೇಕು? ಅದು ಪಟ್ಟಿಯಲ್ಲೇ ಇಲ್ಲ. ಹೇಗೋ ಒಬ್ಬ ಮನುಷ್ಯ ಸಿಕ್ಕಿದ.

“ಯಾಕೆ ಸರ್ ಬೇಡ?”

“ನೆಟ್ಟೇ ಬರಲ್ಲ ಮಾರಾಯ.”

“ಹಾಗಾದ್ರೆ ಇನ್ನೂರು ರೂಪಾಯಿ ಜಾಸ್ತಿ ಕೊಡಿ ಸರ್, ದೊಡ್ಡ ಪ್ಲಾನ್ ಹಾಕ್ಕೊಡ್ತೀನಿ.”

ಬಾವಿ ಬತ್ತಿದೆ ಅಂದವನಿಗೆ ದೊಡ್ಡ ಕೊಡ ಮಾರುವ ಬುದ್ಧಿ ಇದು. ಅದಕ್ಕೂ ಒಪ್ಪದಿದ್ದಾಗ ಇನ್ನೊಂದು ವಿಭಾಗಕ್ಕೆ ದಾಟಿಸಿದರು. ಅಲ್ಲಿ ಕನ್ನಡ ಇಲ್ಲ. ಮಾರುವಾಗ ಅಚ್ಚ ತೀರ್ಥಹಳ್ಳಿ ಕನ್ನಡ, ಬಿಡುವಾಗ ಹಿಂದಿ! ಕೊನೆಗೆ ಬಂದ ಅಪ್ಪಣೆ: ಚಂದಾದಾರರು ಖುದ್ದಾಗಿ, ಗುರುತಿನ ಚೀಟಿ ಸಮೇತ, ಶಿವಮೊಗ್ಗದ ಅಂಗಡಿಗೆ ಬರಬೇಕು. ಚಂದಾದಾರರು ಅಂದರೆ ನಮ್ಮಪ್ಪ, ಅರವತ್ತೆಂಟು ವರ್ಷ, ಮಂಡಿನೋವು. ಎರಡು ಬಸ್ಸು ಬದಲಾಯಿಸಬೇಕು.

ನಮ್ಮ ಕಡೆ ಮಳೆಗಾಲದಲ್ಲಿ ಹಳ್ಳಕ್ಕೆ ಕೂಳಿ ಹಾಕುತ್ತಾರೆ. ಬಿದಿರಿನ ಬುಟ್ಟಿ. ಅದರ ಬಾಯಲ್ಲಿ ಚೂಪು ಕಡ್ಡಿಗಳು ಒಳಮುಖವಾಗಿ ಇರುತ್ತವೆ. ಮೀನು ಒಳಗೆ ಹೋಗುವಾಗ ಕಡ್ಡಿ ಸರಿದು ದಾರಿ ಬಿಡುತ್ತೆ, ಹೊರಗೆ ಬರಲು ಹೋದರೆ ಚುಚ್ಚುತ್ತೆ. ಅದನ್ನು ಹೆಣೆದವನಿಗೆ ತಾನು ಏನು ಹೆಣೀತಿದ್ದೀನಿ ಅಂತ ಚೆನ್ನಾಗಿ ಗೊತ್ತಿರುತ್ತೆ. ಈ ಐವಿಆರ್ ಮೆನು ಹೆಣೆದವರಿಗೂ ಗೊತ್ತಿತ್ತು. ಇದಕ್ಕೆ ನಮ್ಮ ಫೀಲ್ಡಿನಲ್ಲಿ ಮರ್ಯಾದಸ್ಥ ಹೆಸರು ‘ರಿಟೆನ್ಷನ್’. ಕಾನೂನಿನ ಭಾಷೆಯಲ್ಲಿ ಬೇರೆ ಹೆಸರು. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನಲ್ಲಿ ‘ಡಾರ್ಕ್ ಪ್ಯಾಟರ್ನ್’ಗಳ ವಿರುದ್ಧ ಮಾರ್ಗಸೂಚಿ ಹೊರಡಿಸಿ 13 ಬಗೆಯ ಮೋಸಗಳನ್ನು ಪಟ್ಟಿ ಮಾಡಿತು. ಅದರಲ್ಲಿ ಒಂದು, ಚಂದಾ ಬಲೆ. ಚಂದಾ ರದ್ದು ಮಾಡುವುದನ್ನು ಅಸಾಧ್ಯ ಅಥವಾ ಗೋಜಲು ಮಾಡುವುದು ಅದರ ಲಕ್ಷಣ.

ಹಾಗಂತ ನಿಯಮ ಮೊದಲು ಇರಲಿಲ್ಲ ಅಂತಲ್ಲ. ಮುಚ್ಚಿ ಅಂತ ಕೋರಿದ 7 ದಿನದೊಳಗೆ ಮುಚ್ಚಬೇಕು, 60 ದಿನದೊಳಗೆ ಡಿಪಾಸಿಟ್ ಹಿಂದಿರುಗಿಸಬೇಕು ಅಂತ ಟ್ರಾಯ್ 2009ರ ಸೇವಾ ಗುಣಮಟ್ಟದ ನಿಯಮಗಳಲ್ಲೇ ಹೇಳಿತ್ತು. ಚೆನ್ನಾಗೇ ಇದೆ. ಆದರೆ ಗಡಿಯಾರ ಓಡೋದು ಕೋರಿಕೆ ದಾಖಲಾದ ಮೇಲೆ. ಅದು ದಾಖಲಾಗದ ಹಾಗೆ ನೋಡಿಕೊಂಡರೆ ಯಾವ ನಿಯಮವೂ ಮುರಿಯೋದೇ ಇಲ್ಲ! ಇಡೀ ವ್ಯವಸ್ಥೆಯ ಜಾಣತನ ಇರೋದು ಇಲ್ಲೇ.

ಕೋರ್ಟಿನ ಬಾಗಿಲೂ ಬಹಳ ದಿನ ಅರೆ ಮುಚ್ಚಿತ್ತು. 1885ರ ಟೆಲಿಗ್ರಾಫ್ ಕಾಯ್ದೆಯ 7ಬಿ ಸೆಕ್ಷನ್ ಇರುವಾಗ ಟೆಲಿಫೋನ್ ಬಿಲ್ಲಿನ ತಕರಾರು ಗ್ರಾಹಕರ ವೇದಿಕೆಗೆ ಬರುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2009ರಲ್ಲಿ ಹೇಳಿತ್ತು. ಕಂಪನಿಗಳು ಆ ತೀರ್ಪನ್ನೇ ಗುರಾಣಿಯಾಗಿ ಹಿಡಿದವು. 2022ರ ಫೆಬ್ರವರಿ 16ರಂದು ಅದೇ ಸುಪ್ರೀಂ ಕೋರ್ಟ್, ಪೋಸ್ಟ್‌ಪೇಯ್ಡ್ ಬಿಲ್ಲಿನ ಕೇಸೊಂದರಲ್ಲಿ, ಟೆಲಿಕಾಂ ಗ್ರಾಹಕನೂ ಗ್ರಾಹಕನೇ, ಆಯೋಗಕ್ಕೆ ಹೋಗಬಹುದು ಅಂತ ಸ್ಪಷ್ಟ ಮಾಡಿತು. ಖರೀದಿಯ ಮೊತ್ತ 5 ಲಕ್ಷದೊಳಗಿದ್ದರೆ ಜಿಲ್ಲಾ ಆಯೋಗದಲ್ಲಿ ದೂರಿಗೆ ಶುಲ್ಕವೂ ಇಲ್ಲ.

ನಾವು ಅಲ್ಲಿತನಕ ಹೋಗಬೇಕಾಗಲಿಲ್ಲ. ಫೋನಿನಲ್ಲಿ ಹಟ ಹಿಡಿದು ಡಾಕೆಟ್ ನಂಬರ್ ಈಸಿಕೊಂಡೆ. ಅವಧಿ ಮುಗಿದ ಮೇಲೆ, ಪ್ರತಿ ಕಂಪನಿಯಲ್ಲೂ ಇರಲೇಬೇಕಾದ ಮೇಲ್ಮನವಿ ಪ್ರಾಧಿಕಾರಕ್ಕೆ ಅಪ್ಪನ ಹೆಸರಿನಲ್ಲಿ ಇಮೇಲ್ ಹಾಕಿದೆವು. ಒಂದು ಪುಟ, ತಾರೀಖುಗಳ ಸಮೇತ. ಹನ್ನೊಂದನೇ ದಿನ ಕನೆಕ್ಷನ್ ಮುಚ್ಚಿತು. ಅಪ್ಪ ಬಸ್ಸು ಹತ್ತಲೇ ಇಲ್ಲ. ಹಾಗಾದರೆ ಖುದ್ದಾಗಿ ಬರಬೇಕು ಅಂದದ್ದು ಯಾತಕ್ಕೆ? ಬರೋದಿಲ್ಲ ಅಂತ ಗೊತ್ತಿದ್ದದ್ದಕ್ಕೆ.

ಆಚೆ ಮನೆಯವರೂ ಅದೇ ಹುಡುಗನಿಂದ ಅದೇ ಡಬ್ಬಿ ತಗೊಂಡಿದ್ದರು. ಮಗಳು ಓದೋಕೆ ಅಂತ. ಅವರ ಮನೆಯಲ್ಲಿ ಇಮೇಲ್ ಬರೆಯೋರು ಯಾರೂ ಇಲ್ಲ. ಎಂಟು ತಿಂಗಳು ಬಿಲ್ ಕಟ್ಟಿದರು, ‘ಕೇಸು ಗೀಸು ಆದ್ರೆ ಕಷ್ಟ’ ಅಂತ. ಡಬ್ಬಿ ಕಪಾಟಿನ ಮೇಲೆ ಧೂಳು ತಿಂತಾ ಇತ್ತು. ಕೊಟ್ಟವನು ಕೋಡಂಗಿ, ಈಸ್ಕೊಂಡವನು ಈರಭದ್ರ ಅಂತಾರಲ್ಲ, ಹಾಗೆ. ಕಂಪನಿಯ ವರದಿಯಲ್ಲಿ ಅವರು ‘ಉಳಿಸಿಕೊಂಡ ಗ್ರಾಹಕರು’.

ನನಗೆ ಕಾಡೋದು ಇದು. ಆ್ಯಪಿನಲ್ಲಿ ರದ್ದು ಬಟನ್ನನ್ನು ಐದನೇ ಪುಟದಲ್ಲಿ ಅಡಗಿಸಿದವನು ಯಾವ ಶೇಠ್‌ಜಿಯೂ ಅಲ್ಲ. ಬೆಂಗಳೂರಿನ ಯಾವುದೋ ಟೆಕ್ ಪಾರ್ಕಿನಲ್ಲಿ ಕೂತ ನಮ್ಮಂಥ ಒಬ್ಬ ಬಿಇ ಓದಿದವನು. ಅವನ ಅಪ್ಪನೂ ಯಾವುದೋ ಹಳ್ಳಿಯಲ್ಲಿ ಇರಬಹುದು. ಅವನಿಗೆ ಅದು ಒಂದು ಟಿಕೆಟ್, ಎರಡು ದಿನದ ಕೆಲಸ.

ಸೇರೋಕೆ ಎಷ್ಟು ಹೆಜ್ಜೆಯೋ ಬಿಡೋಕೂ ಅಷ್ಟೇ ಹೆಜ್ಜೆ ಇರಬೇಕು. ಇದಕ್ಕಿಂತ ಸರಳವಾದ ಸ್ಪೆಸಿಫಿಕೇಷನ್ ಯಾವುದಿದೆ? ಮುಂದಿನ ಸಲ ಅಂಥ ಟಿಕೆಟ್ ನಿಮ್ಮ ಮುಂದೆ ಬಂದರೆ, ಮೀಟಿಂಗಿನಲ್ಲಿ ಒಂದೇ ಒಂದು ಸಲ ಬಾಯಿಬಿಟ್ಟು ಕೇಳಿ: “ಇದನ್ನ ನಮ್ಮಪ್ಪನ ಕೈಲಿ ಮಾಡೋಕೆ ಆಗುತ್ತಾ?”