ಠಕಾರದ ನೋಟ

ಕಾಗದವನ್ನು ಬಿಟ್ಟು ಅಂಗೈಯೊಳಗಣ ಯಂತ್ರದಲ್ಲಿ ಓಲೆ ಬರೆಯುವ ಈ ಕಾಲದಲ್ಲಿ, ಮಾತಿನ ಕೊನೆಗೆ ಪುಟ್ಟ ಮುಖವೊಂದನ್ನು ಇರಿಸುವುದು ರೂಢಿಯಾಗಿದೆ. ಕಾಟನ್‌ಪೇಟೆಯ ಮನೆಯೊಂದರಲ್ಲಿರುವ ಅಜ್ಜಿಗೆ ಮೊಮ್ಮಗನಿಂದ ಎರಡು ಠಕಾರಗಳೂ ನಡುವೆ ಒಂದು ಅಡಿಗೆರೆಯೂ ಬಂದುವೆಂದು ಭಾವಿಸಬಹುದು: ಠ_ಠ. ಮರಳಿನ ಮೇಲೆ ತಿದ್ದಿ ಅಕ್ಷರ ಕಲಿತ ಅಜ್ಜಿಯವರು ಅದನ್ನು ಬಾಯಿಬಿಟ್ಟು ಓದುವರು. ಮೊಮ್ಮಗನಿಗಾದರೋ ಅದು ಓದತಕ್ಕ ಅಕ್ಷರವಲ್ಲ. ಮುನಿದು ದಿಟ್ಟಿಸುವ ಎರಡು ಕಣ್ಣುಗಳು. ಇಂತಹ ಭಾವಚಿಹ್ನೆಗಳ ಯೋಗ್ಯತೆಯೇನೆಂಬುದು ಸಾಹಿತ್ಯವಿಮರ್ಶೆಗೆ ಹೊರಗಣ ಪ್ರಶ್ನೆಯಲ್ಲ.

ಇವುಗಳ ಚರಿತ್ರೆ ದೀರ್ಘವಾದುದೇನೂ ಅಲ್ಲ. 1982ನೆಯ ಸೆಪ್ಟೆಂಬರ್ 19ರಂದು ಅಮೆರಿಕದ ಕಾರ್ನೆಗೀ ಮೆಲನ್ ವಿಶ್ವವಿದ್ಯಾಲಯದ ಸ್ಕಾಟ್ ಫಾಲ್ಮನ್ ಎಂಬವರು, ಹಾಸ್ಯದ ಮಾತನ್ನು ನಿಜವೆಂದು ಬಗೆದು ಜನರು ಕಲಹಕ್ಕಿಳಿಯದಿರಲೆಂದು, ಎರಡು ಚುಕ್ಕೆ, ಒಂದು ಗೆರೆ, ಒಂದು ಕಂಸ ಇವುಗಳಿಂದ ಅಡ್ಡ ಮಲಗಿದ ನಗೆಮೊಗವನ್ನು ಸೂಚಿಸಿದರು. 1999ರಲ್ಲಿ ಜಪಾನಿನ ಶಿಗೆಟಾಕಾ ಕುರಿಟಾ ಅವರು 176 ಕಿರುಚಿತ್ರಗಳನ್ನು ರಚಿಸಿದರು. 2010ರಲ್ಲಿ ಇಂತಹ ಎಮೋಜಿಗಳು ಯೂನಿಕೋಡ್ ಎಂಬ ಸರ್ವಲಿಪಿಸಂಕೇತವನ್ನು ನೂರುಗಟ್ಟಲೆಯಾಗಿ ಸೇರಿದುವು. ಕನ್ನಡಲಿಪಿಯು ಅದೇ ಸಂಕೇತದಲ್ಲಿ 1991ರಲ್ಲಿಯೇ ಸ್ಥಾನವನ್ನು ಪಡೆದಿದ್ದಿತು. ಆದುದರಿಂದಲೇ ಕನ್ನಡದ ಗಂಧವಿಲ್ಲದ ದೂರದೇಶದವರ ಕೈಗೂ ಠಕಾರವು ಎಟುಕಿತು.

ಅವರ ಆಯ್ಕೆಯಲ್ಲಿ ರೂಪದ ಅರಿವುಂಟು. ಅಕ್ಷರದ ವರ್ತುಲವು ಕಣ್ಣು. ಒಳಗಣ ಚುಕ್ಕೆ ಕಣ್ಣಾಲಿ. ಮೇಲಣ ತಲೆಕಟ್ಟು ಬಿಗಿದ ಹುಬ್ಬು. ಅಶೋಕನ ಕಾಲದ ಬ್ರಾಹ್ಮಿಯಲ್ಲಿ ಠಕಾರವು ಬರಿಯ ವರ್ತುಲವಾಗಿದ್ದಿತು. ಚುಕ್ಕೆಯೂ ತಲೆಕಟ್ಟೂ ಆಮೇಲಣ ಲಿಪಿಕಾರರ ಕೈಯಿಂದ ಬಂದುವು. ತೆಲುಗಿನ ಠಕಾರಕ್ಕೂ ವರ್ತುಲವೂ ಚುಕ್ಕೆಯೂ ಉಂಟು. ಆದರೆ ಅದರ ತಲೆಕಟ್ಟು ಮೇಲಕ್ಕೆ ಚಿಮ್ಮುವುದರಿಂದ ಆ ಗಂಟುಮೋರೆ ಅಲ್ಲಿ ಕೂಡಿಬರುವುದಿಲ್ಲ. ಅಕ್ಷರವನ್ನು ಉಚ್ಚಾರದಿಂದ ಅಗಲಿಸಿ ಬೊಂಬೆಮಾಡಿದರೆಂದು ಕನ್ನಡಿಗರು ನೊಂದುಕೊಳ್ಳಬೇಕಾಗಿಲ್ಲ. ಲೋಕವೆಲ್ಲ ಕನ್ನಡವನ್ನು ಬರೆಯುತ್ತಿದೆಯೆಂದು ಹಿಗ್ಗುವುದಕ್ಕೂ ಕಾರಣವಿಲ್ಲ.

ರಸವನ್ನಾಗಲಿ ಸ್ಥಾಯಿಭಾವವನ್ನಾಗಲಿ ಅದರ ಹೆಸರಿನಿಂದಲೇ ಹೇಳಿಬಿಡುವುದನ್ನು ಕಾವ್ಯಪ್ರಕಾಶದಲ್ಲಿ ಮಮ್ಮಟನು ದೋಷವೆಂದು ಎಣಿಸಿದ್ದಾನೆ. 2015ರಲ್ಲಿ ಆಕ್ಸ್‌ಫರ್ಡ್ ನಿಘಂಟಿನವರು ವರ್ಷದ ಪದವೆಂದು ಆರಿಸಿದ, ಕಣ್ಣೀರಿಡುತ್ತ ನಗುವ ಹಳದಿಯ ಮುಖವು ಈ ದೋಷಕ್ಕೆ ಹತ್ತಿರವಾದುದು. ಕಣ್ಣೀರೂ ನಗೆಯೂ ಅನುಭಾವಗಳಲ್ಲವೇ ಎಂದು ಕೇಳಬಹುದು. ನಿಜ, ಆದರೆ ಕಂಡಕಂಡ ಮಾತಿಗೆಲ್ಲ ಅದೇ ಮುಖವನ್ನು ಅಂಟಿಸಿದಾಗ ಅದು ಅನುಭಾವವಾಗಿ ಉಳಿಯದೆ, "ಇದು ಹಾಸ್ಯ, ನಗತಕ್ಕದ್ದು" ಎಂಬ ಅಪ್ಪಣೆಯಾಗುವುದು. ಠ_ಠ ಹಾಗಲ್ಲ. ಅದು ಸುಮ್ಮನೆ ನೋಡುವುದು. ಆ ನೋಟವು ಕೋಪವೋ, ಅಪನಂಬಿಕೆಯೋ, ಅಕ್ಕರೆಯ ಹುಸಿಮುನಿಸೋ ಎಂಬುದನ್ನು ಹಿಂದಿನ ಮಾತಿನಿಂದ ಓದುಗನೇ ತಿಳಿಯಬೇಕು. ಅಷ್ಟರಮಟ್ಟಿಗೆ ಅದರಲ್ಲಿ ಧ್ವನಿಯುಂಟು.

ಆದರೆ ಮುಖ್ಯವಾದ ಆಕ್ಷೇಪಣೆ ಬೇರೆಯಿದೆ. ಫಾಲ್ಮನ್ ಅವರು ತುಂಬಹೊರಟ ಕೊರತೆಯು ಕನ್ನಡದಲ್ಲಿ ಅಷ್ಟಾಗಿ ಇಲ್ಲ. "ಬಾ" ಎಂಬುದು "ಬಾರೋ" ಎಂದಾದರೆ ಸಲಿಗೆ, "ಬಾರಪ್ಪ" ಎಂದಾದರೆ ಅಕ್ಕರೆ, "ಬಾ ಮತ್ತೆ" ಎಂದಾದರೆ ಒತ್ತಾಯ. "ಅವನು ಬಹಳ ಜಾಣ" ಎಂದರೆ ಹೊಗಳಿಕೆ. "ಅವನು ಬಹಳ ಜಾಣನಂತೆ" ಎಂದರೆ ಆ ಒಂದು "ಅಂತೆ"ಯಲ್ಲಿಯೇ ತುಟಿಯಂಚಿನ ನಗೆಯೆಲ್ಲ ಅಡಗಿದೆ. ಕಣ್ಣುಮಿಟುಕಿಸುವ ಮುಖವು ಇದಕ್ಕೆ ಇನ್ನೇನನ್ನು ಸೇರಿಸೀತು? ಮನೆಯ ಮಕ್ಕಳು ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಕುಗ್ಗಿಸಿ ಬರೆದು, ಉಳಿದುದನ್ನು ಚಿತ್ರಕ್ಕೆ ಒಪ್ಪಿಸುವಾಗ ಮೊದಲು ಸೊರಗುವುವು ಈ ಸಣ್ಣ ಪ್ರತ್ಯಯಗಳೇ. ಅವು ಸೊರಗಿದಲ್ಲಿ ಮನೆಮಾತಿನ ಮುಖಚರ್ಯೆಯೇ ಅಳಿಯುವುದು. ಯಾವ ಕಿರುಚಿತ್ರವೂ ಅದನ್ನು ಮರಳಿ ತರಲಾರದು.

ಚಿಹ್ನೆಗಳು ಬೇಡವೆನ್ನುವುದು ವಿವೇಕವಲ್ಲ. ಸಮಯವರಿತು ಬಂದ ಒಂದು ಠ_ಠ ಸೊಗಸಾಗಿಯೇ ಇರುವುದು. ಆದರೆ ಕಾಟನ್‌ಪೇಟೆಯ ಆ ಅಜ್ಜಿಯವರು ಮರಳಿ ಬರೆಯುವುದು ಹೀಗೆ: "ಯಾಕೋ ಮರಿ, ಊಟ ಮಾಡಲಿಲ್ಲವೇನೋ?" ಇದರಲ್ಲಿ ಎರಡು ಓಕಾರಗಳು ಮಾಡಿದ ಕೆಲಸವನ್ನು ಮೊಮ್ಮಗನು ಗುರುತಿಸಿದರೆ ಸಾಕು, ಯಾವ ಮುಖವನ್ನು ಎಲ್ಲಿ ಇಡಬೇಕೆಂಬುದು ಅವನಿಗೆ ತಾನಾಗಿ ತಿಳಿಯುವುದು.