ದಾರ್ಶನಿಕನ ಬೆನ್ನಿಗೆ ಯಾರಿದ್ದಾರೆ?

ಮುಸ್ಲಿಮರ ಗತವೈಭವದ ಮಾತು ಬಂದಾಗಲೆಲ್ಲ ನಮ್ಮ ಸಭೆಗಳಲ್ಲಿ ಇಬ್ನ್ ರುಶ್ದ್‌ರ ಹೆಸರು ಕೇಳಿಬರುತ್ತದೆ. ಯುರೋಪಿಗೆ ಅರಿಸ್ಟಾಟಲನನ್ನು ಪರಿಚಯಿಸಿದವರಲ್ಲಿ ಅವರು ಪ್ರಮುಖರೆಂದು ನಾವು ಹೆಮ್ಮೆಪಡುತ್ತೇವೆ. ಆದರೆ ಅವರ ಗ್ರಂಥಗಳನ್ನು ಸುಟ್ಟವರು ಯಾರು ಎಂಬ ಪ್ರಶ್ನೆ ಬಂದಾಗ ನಮ್ಮ ಮಾತು ಅಲ್ಲಿಗೇ ನಿಲ್ಲುತ್ತದೆ.

ಈಜಿಪ್ಟಿನ ನಿರ್ದೇಶಕ ಯೂಸುಫ್ ಶಾಹೀನ್ 1997ರ ‘ಅಲ್ ಮಸೀರ್’ ಚಿತ್ರದಲ್ಲಿ ಈ ಪ್ರಶ್ನೆಯನ್ನೇ ಎತ್ತಿಕೊಂಡರು. ಹಾಡು, ಕುಣಿತಗಳ ನಡುವೆಯೂ ಅದೊಂದು ಗಂಭೀರ ಚಿತ್ರ. ಅವರ ಹಿಂದಿನ ಚಿತ್ರ ‘ಅಲ್ ಮುಹಾಜಿರ್’ ನಿಷೇಧದ ಬಿಸಿ ಅನುಭವಿಸಿತ್ತು. ಆ ನೋವೂ ಇಲ್ಲಿ ಕಾಣುತ್ತದೆ. ಆದರೆ ಯುವಕರ ತಲೆ ಕೆಡಿಸುವ ಮತಾಂಧ ಪಂಗಡವೊಂದರ ಮೇಲೆ ಚಿತ್ರ ಹೆಚ್ಚಿನ ಹೊಣೆ ಹೊರಿಸುತ್ತದೆ. ನಮ್ಮ ತಕರಾರು ಇರುವುದು ಇಲ್ಲಿ. ಇತಿಹಾಸ ಅಷ್ಟು ಸರಳವಾಗಿಲ್ಲ.

1126ರಲ್ಲಿ ಕುರ್ತುಬಾದ ಖಾಝಿಗಳ ಮನೆತನದಲ್ಲಿ ಹುಟ್ಟಿದ ಇಬ್ನ್ ರುಶ್ದ್ ತಾವೂ ಸೆವಿಲ್ಲೆ ಮತ್ತು ಕುರ್ತುಬಾಗಳಲ್ಲಿ ಖಾಝಿಯಾಗಿದ್ದರು. 1182ರಲ್ಲಿ ಖಲೀಫ ಅಬೂ ಯಾಕೂಬ್ ಯೂಸುಫ್‌ರ ಆಸ್ಥಾನ ವೈದ್ಯರಾದರು. ಅರಿಸ್ಟಾಟಲನಿಗೆ ವ್ಯಾಖ್ಯಾನ ಬರೆಯಲು ಅವರಿಗೆ ಪ್ರೇರಣೆಯಾದದ್ದೂ ಈ ಖಲೀಫರ ಇಚ್ಛೆಯೇ. ಅಂದಿನ ದಾರ್ಶನಿಕ ಸಮಾಜದಿಂದ ದೂರ ಕುಳಿತವನಲ್ಲ. ಆತ ನ್ಯಾಯ ತೀರ್ಮಾನಿಸುತ್ತಿದ್ದ, ರೋಗಿಗೆ ಔಷಧಿ ಕೊಡುತ್ತಿದ್ದ. ಫಿಕ್ಹ್ ವಿದ್ವಾಂಸರು ಯಾವ ವಿಷಯದಲ್ಲಿ, ಏಕೆ ಭಿನ್ನವಾದರು ಎಂಬುದನ್ನು ‘ಬಿದಾಯತುಲ್ ಮುಜ್ತಹಿದ್’ನಲ್ಲಿ ಅವರು ವಿವರಿಸಿದ ರೀತಿಗೆ ಈ ಅನುಭವದ ಬಲವೂ ಇದೆ.

ಅದೇ ಖಲೀಫರ ಮಗ ಅಲ್ ಮನ್ಸೂರ್ 1195ರಲ್ಲಿ ಅವರನ್ನು ಲುಸೆನಾಕ್ಕೆ ಗಡೀಪಾರು ಮಾಡಿದರು. ಅವರ ತತ್ವಶಾಸ್ತ್ರ ಗ್ರಂಥಗಳಿಗೆ ಬೆಂಕಿ ಬಿತ್ತು. ಕ್ರೈಸ್ತ ರಾಜ್ಯಗಳೊಂದಿಗೆ ಯುದ್ಧ ನಡೆಯುತ್ತಿದ್ದ ಆ ಹೊತ್ತಿನಲ್ಲಿ ಸಂಪ್ರದಾಯವಾದಿ ವಿದ್ವಾಂಸರ ಬೆಂಬಲ ಅರಮನೆಗೆ ಅಗತ್ಯವಾಗಿತ್ತು ಎಂಬುದು ಅನೇಕ ಇತಿಹಾಸಕಾರರ ಅಭಿಪ್ರಾಯ. ಬಳಿಕ ಅವರನ್ನು ಮರಳಿ ಕರೆಸಿಕೊಳ್ಳಲಾಯಿತಾದರೂ 1198ರಲ್ಲಿ ಮರ್ರಾಕೆಶ್‌ನಲ್ಲಿ ಅವರು ನಿಧನರಾದರು.

ಮುಸ್ಲಿಮ್ ಜಗತ್ತಿನಲ್ಲಿ ತತ್ವಶಾಸ್ತ್ರವನ್ನು ಕೊಂದವರು ಇಮಾಮ್ ಗಝಾಲಿ(ರ) ಎಂಬ ಮಾತೂ ಚಾಲ್ತಿಯಲ್ಲಿದೆ. ಗಝಾಲಿಯವರು ಮೂರು ವಿಷಯಗಳಲ್ಲಿ ದಾರ್ಶನಿಕರ ಮೇಲೆ ಕುಫ್ರ್‌ನ ಆರೋಪ ಹೊರಿಸಿದ್ದು ನಿಜ. ಆದರೆ ಅವರು ಬರೆದದ್ದು ಒಂದು ಗ್ರಂಥ. ಅವರು ತೀರಿಹೋದ ಹಲವು ದಶಕಗಳ ಬಳಿಕ ಇಬ್ನ್ ರುಶ್ದ್ ಅದಕ್ಕೆ ಗ್ರಂಥದಿಂದಲೇ ಉತ್ತರಿಸಿದರು. ಸುಡುವ ಆಜ್ಞೆ ಬಂದದ್ದು ಸಿಂಹಾಸನದಿಂದ.

ಇಬ್ನ್ ರುಶ್ದ್‌ರ ನಿಲುವನ್ನೂ ನಾವು ವಿಮರ್ಶಿಸಬೇಕು. ತಾತ್ವಿಕ ವ್ಯಾಖ್ಯಾನಗಳನ್ನು ಜನಸಾಮಾನ್ಯರ ಮುಂದಿಡಬಾರದೆಂದು ‘ಫಸ್ಲುಲ್ ಮಕಾಲ್’ನಲ್ಲಿ ಅವರು ವಾದಿಸಿದರು. ಜನರ ನಂಬಿಕೆ ಕದಡಬಾರದೆಂಬ ಕಾಳಜಿ ಅದರಲ್ಲಿತ್ತು. ಆದರೆ ಯಾರಿಗೆ ತಿಳಿಸಬಾರದೆಂದರೋ ಆ ಜನ ಕಷ್ಟಕಾಲದಲ್ಲಿ ಅವರ ಬೆನ್ನಿಗಿರಲು ಹೇಗೆ ಸಾಧ್ಯ? ಸಂತೆಯಲ್ಲಿ ನಿಂತು ಪ್ರಶ್ನಿಸಿದ ಸಾಕ್ರೆಟಿಸ್‌ನನ್ನು ಜನರ ನ್ಯಾಯಾಲಯವೇ ಕೊಂದಿತೆಂಬುದು ನಮಗೆ ಗೊತ್ತು. ಜನರ ನಡುವೆ ಇರುವುದೂ ಅಪಾಯವೇ. ಆದರೆ ಅರಮನೆಯ ನೆರಳು ಅದಕ್ಕಿಂತ ಸುರಕ್ಷಿತವಾಗಿರಲಿಲ್ಲ.

ಮುಂದೆ ದಾರ್ಶನಿಕ ಪ್ರಾಧ್ಯಾಪಕನಾದ, ಹಂಗು ತಪ್ಪಲಿಲ್ಲ. 1794ರಲ್ಲಿ ಪ್ರಶ್ಯದ ದೊರೆ ಧರ್ಮದ ಬಗೆಗಿನ ಬರವಣಿಗೆಗಾಗಿ ಕಾಂಟ್‌ನನ್ನು ಗದರಿದಾಗ ಆತ ಆ ವಿಷಯದಲ್ಲಿ ಸುಮ್ಮನಿರುವುದಾಗಿ ಮಾತು ಕೊಟ್ಟ. 1797ರಲ್ಲಿ ದೊರೆ ಸತ್ತ ಮೇಲಷ್ಟೇ ಮತ್ತೆ ಬಾಯಿ ತೆರೆದ. ಇಂದು ಅರಮನೆಯ ಜಾಗದಲ್ಲಿ ಸರಕಾರದ ಅನುದಾನ, ದಾನಿಗಳ ಟ್ರಸ್ಟು, ಟಿವಿ ಚರ್ಚೆಗಳಿವೆ.

ಹಾಗಾದರೆ ನಾವೇನು ಮಾಡಬೇಕು? ಇಬ್ನ್ ರುಶ್ದ್‌ರ ಹೆಸರಿನಲ್ಲಿ ಇನ್ನೊಂದು ವಿಚಾರಗೋಷ್ಠಿ ನಡೆಸುವುದು ಸುಲಭ. ನಮ್ಮ ಜಮಾಅತಿನ ಸಭೆಯಲ್ಲಿ ಒಬ್ಬ ಯುವಕನೋ ಯುವತಿಯೋ ಎದ್ದುನಿಂತು ಅಹಿತವಾದ ಪ್ರಶ್ನೆ ಕೇಳಿದಾಗ, ಅವರ ಈಮಾನನ್ನು ಶಂಕಿಸದೆ ಕೊನೆಯವರೆಗೂ ಕೇಳಿಸಿಕೊಳ್ಳುವುದು ಕಷ್ಟ. ನಮ್ಮ ಹೆಮ್ಮೆ ಪ್ರಾಮಾಣಿಕವೆನಿಸಬೇಕಾದರೆ ಆ ಕಷ್ಟಕ್ಕೆ ನಾವು ಸಿದ್ಧರಾಗಬೇಕು.